ಮಂಚದ ಗೃಹಪ್ರವೇಶ

ಸುಳ್ಳು ಹೇಳುವುದಕ್ಕೂ ಯೋಗ್ಯತೆ ಬೇಕು. ನನ್ನ ಷಡ್ಡಕ ಷಡಕ್ಷರಪ್ಪನಿಗೆ ಅದಿಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತಾರು ವರ್ಷದಿಂದ ತೂಕ ಹಾಕುತ್ತಿದ್ದಾನೆ. ಇವತ್ತಿನವರೆಗೂ ಒಂದು ಚೀಲವನ್ನು ಕಾಲು ಕೆಜಿ ಹೆಚ್ಚೂ ಹೇಳಿದವನಲ್ಲ, ಕಡಿಮೆಯೂ ಹೇಳಿದವನಲ್ಲ. ಇಂಥವನು ಐವತ್ತರ ಹತ್ತಿರ ಬಂದು, ಯಾವ ಅಭ್ಯಾಸವೂ ಇಲ್ಲದೆ, ಏಕ್‌ದಂ ಒಂದು ದೊಡ್ಡ ಸುಳ್ಳಿಗೆ ಕೈ ಹಾಕಿದ. ಈಜು ಬಾರದವನು ಕೆರೆಗೆ ಬಿದ್ದರೆ ಪಕ್ಕದವನ ಪಂಚೆ ಹಿಡಿದುಕೊಳ್ಳುತ್ತಾನೆ. ಆ ಪಕ್ಕದವನು ನಾನು, ಕುಮಾರಸ್ವಾಮಿ, ಅಂಚೆ ಕಚೇರಿ ಗುಮಾಸ್ತ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಆಮೇಲೆ ಅಕ್ಕ ತಂಗಿಯರನ್ನು ಮದುವೆಯಾಗಿ ಸ್ನೇಹವನ್ನು ಕೆಡಿಸಿಕೊಂಡವರು.

ಅವನಿಗೆ ಒಬ್ಬಳೇ ಮಗಳು, ಸಿರಿ. ದಿನಾ ಬೆಳಗಿನ ರೈಲು ಹಿಡಿದು ಹಾಸನಕ್ಕೆ ಓಡಾಡಿ ಬಿ.ಎಸ್ಸಿ. ಮುಗಿಸಿದಳು. ಈ ವರ್ಷ ಬೆಂಗಳೂರಿನ ಯೂನಿವರ್ಸಿಟಿಯೊಂದರಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿಗೆ ಸೀಟು ಬಂತು. ನಮ್ಮ ಎರಡೂ ಮನೆ ಸೇರಿಸಿ ಹುಡುಕಿದರೂ ಇಷ್ಟು ಓದಿದವರು ಯಾರೂ ಇರಲಿಲ್ಲ. ಸೀಟೇನೋ ಸಿಕ್ಕಿತು, ಮಲಗುವುದಕ್ಕೆ ಜಾಗ ಸಿಗಲಿಲ್ಲ. ಹಾಸ್ಟೆಲಿನ ವೇಟಿಂಗ್ ಲಿಸ್ಟಿನಲ್ಲಿ ಅವಳದು ಇನ್ನೂರ ಹನ್ನೆರಡನೇ ಹೆಸರು. "ಮುಂದಿನವರು ಬಿಟ್ಟರೆ ಸಿಗುತ್ತೆ" ಅಂದರು ಆಫೀಸಿನವರು. ಇನ್ನೂರ ಹನ್ನೊಂದು ಹೆಣ್ಣುಮಕ್ಕಳು ಓದು ಬಿಡಲಿ ಎಂದು ಹರಕೆ ಹೊರುವುದು ಮರ್ಯಾದಸ್ಥರ ಲಕ್ಷಣವಲ್ಲ.

ಇದರ ಮೇಲೆ ಹುಚ್ಚಣ್ಣನವರ ಷರತ್ತು ಬೇರೆ. ಹುಚ್ಚಣ್ಣ ಎಂದರೆ ಷಡಕ್ಷರಪ್ಪನ ದೊಡ್ಡಪ್ಪನ ಮಗ. ಮಂಡಿಯ ಯಜಮಾನರೂ ಅವರೇ, ಇವನಿಗೆ ಸಂಬಳ ಕೊಡುವವರೂ ಅವರೇ. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವುದು ಅವರ ಧರ್ಮ.

"ನೋಡ್ಲಾ ಷಡಕ್ಷರಿ, ಬೆಂಗ್ಳೂರಲ್ಲಿ ಸರಿಯಾದ ಮನೇಲಿ ಇರಂಗಿದ್ರೆ ಮಗೀನ ಕಳಸು. ಎಲ್ಲೋ ಸಂದೀಲಿ ಛತ್ರದಲ್ಲಿ ಮಲಗಂಗೆ ಮಲಗ್ಸಂಗಿದ್ರೆ ಬ್ಯಾಡ. ತಿಪಟೂರಲ್ಲಿ ಗಂಡು ಐತೆ. ಮೂವತ್ತು ಎಕರೆ ತೋಟ. ಆ ಸೀಟನ್ನ ಬೇಕಾದ್ರೆ ಪಕ್ಕದ ಮನೆಯೋರಿಗೆ ಕೊಟ್ಬುಡು."

ಗಂಡಿನ ವಯಸ್ಸೂ ಎಕರೆಗಿಂತ ಸ್ವಲ್ಪ ಹೆಚ್ಚೇ ಇತ್ತು, ಅದನ್ನು ಯಾರೂ ಎತ್ತಲಿಲ್ಲ. ಸಿರಿ ಆವತ್ತು ಊಟ ಮಾಡಲಿಲ್ಲ.

ಆಷಾಢದ ಬಿರುಗಾಳಿಯಲ್ಲಿ ಎರಡು ದಿನ ನಾನು, ಷಡಕ್ಷರಪ್ಪ, ಸಿರಿ ಮೂವರೂ ಆ ಯೂನಿವರ್ಸಿಟಿಯ ಸುತ್ತ ಪ್ರದಕ್ಷಿಣೆ ಹಾಕಿದೆವು. ದೇವಸ್ಥಾನಕ್ಕೆ ಹಾಕಿದ್ದರೆ ಏನಾದರೂ ಪ್ರಸಾದ ಸಿಗುತ್ತಿತ್ತು. ಮೊದಲನೆಯ ಓನರು ಬಾಡಿಗೆ ಹೇಳಿದ. "ವರ್ಷಕ್ಕಾ ಸಾರ್?" ಅಂದ ಷಡಕ್ಷರಪ್ಪ. ಓನರು ನಗಲಿಲ್ಲ, ಇವನೂ ನಗಿಸಬೇಕೆಂದು ಕೇಳಿರಲಿಲ್ಲ. ಎರಡನೆಯ ಕಡೆ ಒಂದು ರೂಮನ್ನು ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿದ್ದರು. "ಕಿಟಕಿ ಎಲ್ಲಮ್ಮಾ?" ಎಂದು ನಾನು ಕೇಳಿದ್ದಕ್ಕೆ, "ಕಿಟಕಿ ಆ ಕಡೆಯವಳದ್ದು. ಡಿಸೆಂಬರಿನಲ್ಲಿ ಖಾಲಿ ಮಾಡ್ತಾಳೆ, ಆಗ ಬೇಕಾದ್ರೆ ಕೊಡ್ತೀನಿ" ಅಂದರು. ಮೂರನೆಯ ಕಡೆ ಒಬ್ಬ ರಿಟೈರ್ಡ್ ಮೇಷ್ಟ್ರು ಸಿರಿಯನ್ನು ಎದುರಿಗೆ ಕೂರಿಸಿಕೊಂಡು ಇಂಟರ್ವ್ಯೂ ಮಾಡಿದರು.

"ರಾತ್ರಿ ಲೈಟು ಹಾಕ್ಕೊಂಡು ಓದ್ತೀಯಾಮ್ಮ?"

"ಓದ್ತೀನಿ ಸಾರ್."

"ಹಾಗಾದ್ರೆ ಆಗಲ್ಲಮ್ಮ."

ಎರಡನೇ ದಿನ ಸಾಯಂಕಾಲ ಸಿಕ್ಕಿತು ಸುಖಸದನ ಲೇಡೀಸ್ ಪಿಜಿ. ನಾಲ್ಕು ಮಹಡಿ, ಎಂಬತ್ತು ಹುಡುಗಿಯರು, ಒಂದು ಗೇಟು. ಗಂಡಸರು ಗೇಟು ದಾಟುವ ಹಾಗಿಲ್ಲ. ಸಿರಿ ಒಬ್ಬಳೇ ಒಳಗೆ ಹೋದಳು. ನಾವಿಬ್ಬರೂ ಹೊರಗೆ ನಿಂತು, ಗೋಡೆಗೆ ತೂಗುಹಾಕಿದ್ದ ಹನ್ನೊಂದು ನಿಯಮಗಳನ್ನು ಎರಡೆರಡು ಸಲ ಓದಿದೆವು. ಒಂಬತ್ತನೆಯದು ದಪ್ಪ ಅಕ್ಷರದಲ್ಲಿತ್ತು: ನೆಂಟರಿಷ್ಟರಿಗೆ ಪ್ರವೇಶವಿಲ್ಲ, ಗೇಟಿನ ಬಳಿ ಗಲಾಟೆಯಾದರೆ ಸಂಬಂಧಪಟ್ಟವರು ಅದೇ ದಿನ ಖಾಲಿ ಮಾಡತಕ್ಕದ್ದು.

ಸಿರಿ ಹೊರಗೆ ಬಂದಳು.

"ರೂಮಿಗೆ ಮೂರು ಮಂಚ ಅಪ್ಪ. ಮಧ್ಯದ್ದು ಖಾಲಿ ಇದೆ. ಪಕ್ಕದಿಂದ ಹತ್ತೋಕಾಗಲ್ಲ, ಕಾಲ ಕಡೆಯಿಂದ ಹತ್ಬೇಕು. ಒಬ್ಬಳು ಬೇಲೂರಿನವಳು ಇದ್ದಾಳೆ, ಯಶೋಧರಾ ಅಂತ. ಒಳ್ಳೆಯವಳು."

"ಬೇರೆ ಕಡೆ ನೋಡೋಣ ಮಗಳೇ."

"ಇದಕ್ಕೇ ಐದು ಜನ ಕಾಯ್ತಿದಾರಂತೆ ಅಪ್ಪ. ಇದು ಹೋದ್ರೆ ನಾನು ಊರಿಗೇ ಬರ್ಬೇಕು." ಊರಿಗೆ ಬಂದರೆ ತಿಪಟೂರು.

ಅಡ್ವಾನ್ಸು ಫೋನಿನಲ್ಲೇ ಹೋಯಿತು. ಓನರ್ ಆಂಟಿಯ ಮುಖ ನಾವು ನೋಡಲಿಲ್ಲ, ನಮ್ಮ ಮುಖ ಅವರು ನೋಡಲಿಲ್ಲ. ಹುಡುಗಿಯ ಸೂಟ್‌ಕೇಸು ಗೇಟಿನೊಳಗೆ ಹೋಯಿತು, ನಾವು ರೈಲಿಗೆ ಹೋದೆವು. ಯಶವಂತಪುರದಿಂದ ಅರಸೀಕೆರೆಯವರೆಗೆ ಷಡಕ್ಷರಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ. ಕಡಲೆಕಾಯಿ ಕೊಡಿಸಿದೆ, ತಿಂದ, ಅಷ್ಟೇ.

ಮಾರನೆಯ ಬೆಳಗ್ಗೆ ಮಂಡಿಯಲ್ಲಿ ಹುಚ್ಚಣ್ಣ ಕಾಯುತ್ತಿದ್ದರು. ಎಂಟು ಹತ್ತು ಜನ ರೈತರೂ ಕೂತಿದ್ದರು. ನನ್ನದು ಕೆಟ್ಟ ಗ್ರಹಚಾರ, ಯಾರದೋ ರಿಜಿಸ್ಟರ್ ಕಾಗದ ಕೊಡುವ ನೆಪದಲ್ಲಿ ನಾನೂ ಅಲ್ಲೇ ಇದ್ದೆ.

"ಏನ್ಲಾ, ಮಗೀನ ಎಲ್ಲಿ ಬಿಟ್ಟು ಬಂದೆ?"

ಷಡಕ್ಷರಪ್ಪ ತಕ್ಕಡಿಯ ಕಡೆ ನೋಡಿದ. "ಮನೆ ಮಾಡಿದೀವಿ ಅಣ್ಣ."

"ಮನೇನಾ! ಎಷ್ಟು ರೂಮು?"

"ಮೂರು."

ಮೂರು ಎಂಬ ಸಂಖ್ಯೆ ಅವನಿಗೆ ಮಂಚದಿಂದ ಹೊಳೆದದ್ದು. ಆದರೆ ಮೂರು ರೂಮಿನ ಮನೆಗೆ ಬೆಂಗಳೂರಿನಲ್ಲಿ ಬಾಡಿಗೆ ಎಷ್ಟೆಂದು ಹುಚ್ಚಣ್ಣನವರಿಗೆ ಗೊತ್ತು. ಷಡಕ್ಷರಪ್ಪನ ಸಂಬಳ ಎಷ್ಟೆಂಬುದು ಇನ್ನೂ ಚೆನ್ನಾಗಿ ಗೊತ್ತು.

"ಬಾಡಿಗೆ ಎಲ್ಲಿಂದ ಕಟ್ಟೀಯಲಾ?"

"ಬಾಡಿಗೆ ಇಲ್ಲ ಅಣ್ಣ."

"ಇಲ್ಲ ಅಂದ್ರೆ? ಸ್ವಂತದ್ದಾ?"

ಷಡಕ್ಷರಪ್ಪನ ಮುಖ ಬೆವೆತಿತ್ತು. "ಬೇಕಾದ್ರೆ ಕುಮಾರನ್ನ ಕೇಳಿ" ಅಂದುಬಿಟ್ಟ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸರ್ಕಾರಿ ನೌಕರ. ನನ್ನ ಮಾತಿಗೆ ಬೆಲೆ ಇದೆ. ಆದ್ದರಿಂದ ಮಾತಾಡಲಿಲ್ಲ, "ಹ್ಞೂಂ" ಅಂದೆ. ಹ್ಞೂಂ ಅನ್ನುವುದು ಸುಳ್ಳಲ್ಲ, ಒಂದು ಥರದ ಕೆಮ್ಮು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ.

ಸಾಯಂಕಾಲದೊಳಗೆ ಊರೆಲ್ಲಾ ಆಯಿತು. ತೂಕದ ಷಡಕ್ಷರಪ್ಪ ಬೆಂಗಳೂರಿನಲ್ಲಿ ಮನೆ ಕೊಂಡಿದ್ದಾನೆ! ದುಡ್ಡು ಎಲ್ಲಿಂದ ಬಂತು ಎಂಬುದರಲ್ಲಿ ಮಾತ್ರ ಎರಡು ಪಕ್ಷವಾಯಿತು. ಹುಲಿಕೆರೆಯಲ್ಲಿರುವ ಅವನ ಸೋದರತ್ತೆಯ ಹಿತ್ತಲಿನಲ್ಲಿ ಹೊಯ್ಸಳರ ಕಾಲದ ಕೊಪ್ಪರಿಗೆ ಸಿಕ್ಕಿದೆ ಎಂಬುದು ಒಂದು ಪಕ್ಷ. ಷಡ್ಡಕ ಪೋಸ್ಟಾಫೀಸಿನಲ್ಲಿದ್ದಾನಲ್ಲ, ಅಷ್ಟು ಸಾಕು ಎಂಬುದು ಇನ್ನೊಂದು ಪಕ್ಷ. ಎರಡನೇ ಪಕ್ಷದವರು ಇಬ್ಬರು ಮಾರನೇ ದಿನವೇ ಬಂದು ತಮ್ಮ ಉಳಿತಾಯ ಖಾತೆ ಪುಸ್ತಕ ಪರೀಕ್ಷೆ ಮಾಡಿಸಿಕೊಂಡು ಹೋದರು. ಹದಿನೆಂಟು ವರ್ಷದ ನನ್ನ ಸರ್ವೀಸು ಹೀಗೆ ಮಣ್ಣು ಪಾಲಾಯಿತು.

ಷಡಕ್ಷರಪ್ಪನ ಹೆಂಡತಿ ದ್ರಾಕ್ಷಾಯಣಕ್ಕನಿಗೆ ಸುದ್ದಿ ಗೊತ್ತಾದದ್ದು ನಲ್ಲಿ ಹತ್ತಿರ. "ಏನ್ರೀ ಇದು?" ಎಂದು ಕೇಳಿದರು. ಇವನು ನಿಜ ಹೇಳಿದ. ಆಕೆ ಕೊಡ ಕೆಳಗಿಟ್ಟು, "ತಿಪಟೂರಿಗಿಂತ ಇದೇ ವಾಸಿ ಬಿಡಿ" ಅಂದರು. ಹೀಗೆ ಸುಳ್ಳಿಗೆ ಮೂವರು ಪಾಲುದಾರರಾದೆವು.

ವಾರ ಕಳೆಯಲಿಲ್ಲ, ಪಡಿತರದ ಕಚೇರಿಯಿಂದ ಒಬ್ಬರು ಕೈಚೀಲ ಹಿಡಿದುಕೊಂಡು ಮಂಡಿಗೇ ಬಂದರು. ಹುಚ್ಚಣ್ಣ ಅವರಿಗೆ ಕುರ್ಚಿ ಕೊಟ್ಟು, ಎಳನೀರು ತರಿಸಿ, ತಾವೂ ಎದುರಿಗೇ ಕೂತರು.

"ಷಡಕ್ಷರಪ್ಪ ಅಂದ್ರೆ ನೀವೇನಾ? ಬೆಂಗಳೂರಲ್ಲಿ ಮನೆ ಇದೆಯಂತಲ್ಲ?"

ಷಡಕ್ಷರಪ್ಪ ಅಣ್ಣನ ಮುಖ ನೋಡಿದ, ಅಧಿಕಾರಿಯ ಮುಖ ನೋಡಿದ. "ಇದೆ ಸಾರ್."

"ಬಿಪಿಎಲ್ ಕಾರ್ಡೂ ಇದೆ?"

"ಅದೂ ಇದೆ ಸಾರ್."

"ಎರಡರಲ್ಲಿ ಒಂದು ಇರಬೇಕಪ್ಪ. ಯಾವುದು ಇಟ್ಕೋತೀರಿ?"

"ಕೊಟ್ಬುಡೋ" ಅಂದರು ಹುಚ್ಚಣ್ಣ ಹೆಮ್ಮೆಯಿಂದ. "ನಮ್ಮ ವಂಶದೋರು ಸೊಸೈಟಿ ಅಕ್ಕಿ ತಿನ್ನೋ ಕಾಲ ಹೋಯ್ತು. ತಗೊಳ್ಳಿ ಸಾರ್, ಬರ್ಕೊಳಿ!"

ಬರೆದುಕೊಂಡರು. ಆವತ್ತು ರಾತ್ರಿ ದ್ರಾಕ್ಷಾಯಣಕ್ಕ ಡಬ್ಬದಲ್ಲಿದ್ದ ಅಕ್ಕಿಯನ್ನು ನೋಡುತ್ತಾ ಕೇಳಿದರು: "ಅಲ್ರೀ, ನಿಮ್ಮ ಬೆಂಗಳೂರಿನ ಮನೇಲಿ ಭತ್ತ ಬೆಳೆಯುತ್ತೇನ್ರೀ?" ಇಲ್ಲದ ಮನೆಯೊಂದು ಇದ್ದ ಮನೆಯ ಅಕ್ಕಿ ತಿನ್ನುವುದನ್ನು ನಾನು ನೋಡಿದ್ದು ಅದೇ ಮೊದಲು.

ಇಷ್ಟಕ್ಕೇ ನಿಂತಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಷಡಕ್ಷರಪ್ಪನ ತಾಯಿ ದೇವೀರಮ್ಮ ಇದ್ದಾರಲ್ಲ. ಎಪ್ಪತ್ತೆಂಟು ವರ್ಷ, ಹಣೆಗೆ ಮೂರು ಬೆರಳು ವಿಭೂತಿ. ಆಕೆಗೆ ಮನೆ ಎಷ್ಟಕ್ಕೆ ಬಂತು, ಎಲ್ಲಿಂದ ಬಂತು ಎಂಬುದು ಬೇಡ. ಆಕೆಯ ಪ್ರಶ್ನೆಯೇ ಬೇರೆ.

"ಆಷಾಡದಲ್ಲಿ, ಹಾಲುಕ್ಕಿಸ್ದೆ, ಹೆಣ್ಮಗೀನ ಹೊಸ ಮನೇಲಿ ಮಲಗ್ಸಿ ಬಂದಿದೀಯೇನ್ಲಾ?"

"ಅವ್ವ, ಬೆಂಗಳೂರಲ್ಲಿ ಆಷಾಢ ಗೀಷಾಢ ನೋಡಲ್ಲ."

"ಅಲ್ಲಿ ಸೂರ್ಯ ಹುಟ್ತಾನಾ ಇಲ್ವಾ?"

"ಹುಟ್ತಾನೆ."

"ಹಂಗಾದ್ರೆ ಆಷಾಡಾನೂ ಐತೆ. ಸ್ರಾವಣ ಬರ್ಲಿ, ಐನೋರ್ನ ಕರ್ಕೊಂಡೋಗಿ ಹಾಲುಕ್ಕಿಸಿ ಬರಾನ. ಮಗೀಗೆ ಏನಾರ ಆದ್ರೆ ನಿನ್ನ ಮಕ ನೋಡಕಿಲ್ಲ ನಾನು."

ಐನೋರು ಪಂಚಾಂಗ ನೋಡಿ ಶ್ರಾವಣದ ಎರಡನೇ ಭಾನುವಾರ, ಹನ್ನೆರಡು ಗಂಟೆಯೊಳಗೆ ಎಂದು ಹೇಳಿದರು. ಹುಚ್ಚಣ್ಣ ತಮ್ಮ ಖರ್ಚಿನಲ್ಲೇ ಮಿನಿ ಬಸ್ಸು ಗೊತ್ತುಮಾಡಿದರು. ಷಡಕ್ಷರಪ್ಪ ಮಾಡದ ಉಪಾಯವಿಲ್ಲ. ಸುಣ್ಣ ಬಳಿಸುತ್ತಿದ್ದಾರೆ ಅಂದ. "ಬಳೀಲಿ, ನಾವೇನು ಗೋಡೆಗೆ ಒರಗ್ತೀವಾ" ಅಂದರು. ನೀರಿಲ್ಲ ಅಂದ, ನಾಲ್ಕು ಕ್ಯಾನು ನೀರು ಬಸ್ಸಿಗೇರಿತು. ಕೊನೆಗೆ, ಹುಲಿಕೆರೆಯ ಬಸಮ್ಮತ್ತೆಯನ್ನು ಬಿಟ್ಟು ಮಾಡುವ ಶುಭಕಾರ್ಯ ಶುಭವೇ ಅಲ್ಲ ಎಂದು ಹಠ ಹಿಡಿದ. ಬೆಂಗಳೂರು ಇರುವುದು ಪೂರ್ವಕ್ಕೆ, ಹುಲಿಕೆರೆ ಇರುವುದು ಹಳೇಬೀಡಿನ ಕಡೆಗೆ. ಆ ಸೋದರತ್ತೆಯನ್ನು ಹೊರಡಿಸುವುದರಲ್ಲೇ ಮುಹೂರ್ತ ಮೀರುತ್ತದೆ ಎಂಬುದು ಅವನ ಲೆಕ್ಕ.

ಬೆಳಗ್ಗೆ ಎಂಟಕ್ಕೆ ಬಸ್ಸು ಹುಲಿಕೆರೆಗೆ ಹೋದರೆ, ಬಸಮ್ಮತ್ತೆ ಕೊಳದ ಕಟ್ಟೆಯ ಮೇಲೆ ರೇಷ್ಮೆ ಸೀರೆ ಉಟ್ಟುಕೊಂಡು, ಚೀಲ ಕಟ್ಟಿಕೊಂಡು ಕೂತಿದ್ದರು. ಜೊತೆಗೆ ಇನ್ನೂ ಮೂವರು. ಮೂವತ್ತನಾಲ್ಕಿದ್ದ ಜನ ಮೂವತ್ತೆಂಟಾದರು. ಮುಹೂರ್ತವೇನೋ ಮೀರುವುದು ಖಾತ್ರಿಯಾಯಿತು. ಐನೋರು ಮಾತ್ರ, "ಶಿವನಿಗೆ ಗಡಿಯಾರ ಇಲ್ಲ, ನಡೀರಿ" ಅಂದರು.

ಗಡಿಯಾರ ನಮ್ಮ ಬಸ್ಸಿನಲ್ಲಿತ್ತು. ಮುಯ್ಯಿಗೆ ಬಂದ ಗೋಡೆ ಗಡಿಯಾರಗಳೇ ಹನ್ನೊಂದು. ಹುಚ್ಚಣ್ಣನವರ ಉಡುಗೊರೆ ಎಲ್ಲಕ್ಕಿಂತ ದೊಡ್ಡದು: ಅವರ ತೋಟದ್ದೇ ಒಂದು ತೆಂಗಿನ ಸಸಿ. "ಮನೆ ಮುಂದೆ ಹಾಕ್ಲಾ. ಸಿರಿ ಮಕ್ಕಳ ಕಾಲಕ್ಕೆ ಕೊಬ್ರಿ ಆಯ್ತದೆ." ಷಡಕ್ಷರಪ್ಪ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನ ಕೊನೆಯ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ.

"ಕುಮಾರ, ಒಂದು ಪ್ಲಾನು ಮಾಡಿದೀನಿ ಕಣೋ. ಆ ಬೀದಿ ತುದೀಲಿ ನಿಂತು, ಬೀಗದ ಕೈ ಅರಸೀಕೆರೇಲೇ ಮರೆತು ಬಂದೆ ಅಂತೀನಿ. ದೂರದಿಂದ ಮನೆ ತೋರಿಸಿ, ಯಾವುದಾದ್ರೂ ದೇವಸ್ಥಾನದಲ್ಲಿ ಹಾಲುಕ್ಕಿಸಿಬಿಡೋಣ."

"ಸಿರಿಗೆ ಹೇಳಿದೀಯಾ?"

"ಹೇಳಿದ್ರೆ ಬೇಡ ಅಂತಾಳೆ."

"ಬೇಡ ಅಂದ್ರೆ ಒಳ್ಳೇದಲ್ವೇನೋ, ಮುಠ್ಠಾಳ!"

ಅವನಿಗೂ ಅದು ಆಗಲೇ ಹೊಳೆಯಿತೆಂದು ಕಾಣುತ್ತದೆ. ನೆಲಮಂಗಲ ದಾಟಿದ ಮೇಲೆ ಫೋನು ಮಾಡಿದ.

"ಮಗಳೇ, ನಾವು ಬರ್ತಿದೀವಿ... ಹ್ಞೂಂ, ಅಜ್ಜೀನೂ ಬಂದಿದಾರೆ... ಇಲ್ಲ, ಇನ್ನೂ ಸ್ವಲ್ಪ ಜನ ಇದಾರೆ... ಸ್ವಲ್ಪ ಅಂದ್ರೆ, ಒಂದು ಬಸ್ಸು." ಆ ಕಡೆಯಿಂದ ಏನೋ ಕೇಳಿದಳು. "ಮೂವತ್ತೆಂಟು ಕಣಮ್ಮ. ಐನೋರ್ನೂ ಸೇರಿಸಿ."

ಫೋನು ಕಟ್ಟಾಯಿತು. ಮತ್ತೆ ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ, ಸ್ವಿಚ್ ಆಫ್.

ಬಸ್ಸು ಆ ಬೀದಿಯೊಳಗೆ ಹೋಗಲಿಲ್ಲ. ಎಲ್ಲರೂ ಇಳಿದು ಸಾಲಾಗಿ ನಿಂತರು. ಮುಂದೆ ಕಳಸ ಹಿಡಿದ ದ್ರಾಕ್ಷಾಯಣಕ್ಕ, ಪಕ್ಕದಲ್ಲಿ ಹಾಲಿನ ಪಾತ್ರೆ ಹಿಡಿದ ನನ್ನ ಹೆಂಡತಿ, ಹಿಂದೆ ಗಡಿಯಾರಗಳು. ಷಡಕ್ಷರಪ್ಪ ಬೀದಿಯ ತುದಿಯಲ್ಲಿ ನಿಂತು ಜೇಬು ಮುಟ್ಟಿಕೊಂಡು, "ಅಯ್ಯೋ, ಬೀಗದ ಕೈ!" ಅಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ದೂರದಿಂದ ತೋರಿಸಲು ಕೈ ಎತ್ತಿದ್ದೇ ತಪ್ಪಾಯಿತು. ಆ ಬೆರಳ ದಿಕ್ಕು ಹಿಡಿದು ಹುಚ್ಚಣ್ಣ ದಾಪುಗಾಲು ಹಾಕಿದರು, ಮೆರವಣಿಗೆ ಅವರ ಹಿಂದೆ ಹೊರಟಿತು.

ಸುಖಸದನದ ನಾಲ್ಕು ಮಹಡಿಯನ್ನು ಹುಚ್ಚಣ್ಣ ಕತ್ತೆತ್ತಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

"ಏನ್ಲಾ ಷಡಕ್ಷರಿ, ಇದಿಷ್ಟೂನಾ? ಮೂರು ರೂಮು ಅಂದಿದ್ಯಲ್ಲಲಾ! ದೃಷ್ಟಿ ಆಯ್ತದೆ ಅಂತ ಮುಚ್ಚಿ ಮಡಗಿದ್ದಾ ಕಳ್ಳ ನನ್ ಮಗನೆ?"

ಹೇಳುತ್ತಲೇ ಮಾವಿನ ತೋರಣವನ್ನು ಗೇಟಿನ ಕಂಬಿಗೆ ಕಟ್ಟತೊಡಗಿದರು. ಐನೋರು ಗೇಟಿನ ಮುಂದೆ ಈಡುಗಾಯಿ ಹೊಡೆದರು. ನಮ್ಮ ಕಡೆ ಕಾಯಿಗೆ ಬರವೇ? ಒಂದಲ್ಲ, ಐದು. ಆ ಶಬ್ದಕ್ಕೆ ಮೇಲಿನ ಕಿಟಕಿಗಳಲ್ಲೆಲ್ಲಾ ಹುಡುಗಿಯರ ತಲೆ ಕಂಡಿತು, ಒಳಗಿನಿಂದ ನೈಟಿಯ ಮೇಲೆ ಟವೆಲ್ ಹೊದ್ದ ಒಬ್ಬ ಹೆಂಗಸು ಓಡಿ ಬಂದರು. ಆಂಟಿಯ ದರ್ಶನ ನಮಗೆ ಆದದ್ದು ಹೀಗೆ.

"ಯಾರ್ರೀ ನೀವೆಲ್ಲಾ?"

"ನಾವ್ಯಾರಾ!" ಅಂದರು ಹುಚ್ಚಣ್ಣ ನಗುತ್ತಾ. "ಮನೆ ಯಜಮಾನ್ರು ಕಣಮ್ಮ. ನೀವು ಬಾಡಿಗೆಯೋರಾ? ಹೆದರ್ಕಬ್ಯಾಡಿ, ನಿಮ್ಮನ್ನೇನು ಬಿಡ್ಸಕಿಲ್ಲ. ಸ್ವಲ್ಪ ಒಲೆ ಎಲ್ಲೈತೆ ತೋರ್ಸಿ."

ಆಂಟಿಯ ಬಾಯಿ ಒಂದು ನಿಮಿಷ ತೆರೆದೇ ಇತ್ತು. ಆಮೇಲೆ ಅದರಿಂದ ಹೊರಟ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ಕೊನೆಗೆ ಕಿಟಕಿಗಳ ಕಡೆ ತಿರುಗಿ ಕೂಗಿದರು: "ಯಾರ ಕಡೆಯವರೇ ಇವರು? ಎಲ್ಲಾ ಕೆಳಗೆ ಬನ್ನಿ! ಯಾರ ನೆಂಟರೋ ಅವಳ ಗಂಟುಮೂಟೆ ಈಗಲೇ ಹೊರಗೆ. ಆ ಮಂಚಕ್ಕೆ ಐದು ಜನ ಕಾಯ್ತಿದಾರೆ ನನ್ನ ಹತ್ರ!"

ಹುಡುಗಿಯರು ಮೆಟ್ಟಿಲ ಮೇಲೆ ಬಂದು ನಿಂತರು. ಅವರ ನಡುವೆ ಸಿರಿಯೂ ಬಂದಳು. ನಮ್ಮ ಗುಂಪಿನಲ್ಲಿ ಒಂದು ಸಂತೋಷದ ಗುಜುಗುಜು ಎದ್ದಿತು. ಹುಚ್ಚಣ್ಣ ಎರಡೂ ಕೈ ಚಾಚಿದರು. ಅಷ್ಟರಲ್ಲಿ ಅವಳ ಪಕ್ಕದಲ್ಲಿದ್ದ ಹುಡುಗಿ, ಅವಳೇ ಯಶೋಧರಾ ಇರಬೇಕು, "ನಮ್ಮ ರೂಮಿನ ಕಡೆಯವರಲ್ಲ ಆಂಟಿ" ಅಂದುಬಿಟ್ಟಳು.

ಆಂಟಿ ಬಿಡಲಿಲ್ಲ. ತೆಂಗಿನ ಸಸಿಯನ್ನೊಮ್ಮೆ ನೋಡಿ, "ಸಿರಿ, ನೀನು ಅರಸೀಕೆರೆ ಅಲ್ವಾ? ಇವರು ಗೊತ್ತಾ ನಿನಗೆ?" ಅಂದರು.

ಸಿರಿ ನಮ್ಮನ್ನೆಲ್ಲಾ ನೋಡಿದಳು. ಅಪ್ಪನನ್ನು ನೋಡಿದಳು, ಕಳಸ ಹಿಡಿದಿದ್ದ ಅಮ್ಮನನ್ನು ನೋಡಿದಳು. ನನ್ನನ್ನೂ ನೋಡಿದಳು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಗೊತ್ತಿಲ್ಲ ಆಂಟಿ" ಅಂದಳು.

"ಏ ಮಗಾ—" ಎಂದು ಹುಚ್ಚಣ್ಣ ಬಾಯಿ ತೆಗೆದರು. ಇಪ್ಪತ್ತನಾಲ್ಕು ವರ್ಷದಲ್ಲಿ ಅವರೆದುರು ತಲೆ ಎತ್ತಿ ಮಾತಾಡಿರದ ದ್ರಾಕ್ಷಾಯಣಕ್ಕ ಥಟ್ಟನೆ ತಿರುಗಿ, "ಭಾವ, ಸುಮ್ನಿರಿ" ಅಂದರು. ಆ ದನಿಗೆ ಹುಚ್ಚಣ್ಣ ಸುಮ್ಮನಾದರು. ತೋರಣದ ದಾರ ಅವರ ಕೈಯಲ್ಲೇ ಉಳಿಯಿತು. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಮುಖ ಮಾತ್ರ ಬಿಳಿಚಿಕೊಂಡಿತು.

ಷಡಕ್ಷರಪ್ಪ ಸಸಿಯನ್ನು ತಬ್ಬಿಕೊಂಡು ಮುಂದೆ ಬಂದ. ಅವನ ಜೀವನದ ಎರಡನೇ ದೊಡ್ಡ ಸುಳ್ಳು ಅದು, ಮೊದಲನೆಯದಕ್ಕಿಂತ ಚೆನ್ನಾಗಿ ಹೇಳಿದ.

"ತಪ್ಪಾಯ್ತು ತಾಯಿ. ನಮ್ಮದು ಬೇರೆ ಮನೆ. ಬೀದಿ ತಪ್ಪಿ ಬಂದ್ವಿ. ಈ ಮಗು ಯಾರೋ, ನಮಗೂ ಗೊತ್ತಿಲ್ಲ."

ಒಬ್ಬೊಬ್ಬರೇ ಹಿಂದಕ್ಕೆ ತಿರುಗತೊಡಗಿದರು. ದೇವೀರಮ್ಮ ಮಾತ್ರ ಕದಲಲಿಲ್ಲ. ಎರಡೂ ಕೈಯಲ್ಲಿ ಗೇಟಿನ ಕಂಬಿ ಹಿಡಿದುಕೊಂಡು ಸಿರಿಯನ್ನೇ ನೋಡುತ್ತಾ ನಿಂತುಬಿಟ್ಟಿದ್ದರು. ಆಂಟಿಯ ಕಣ್ಣಿಗೆ ಅದು ಬಿತ್ತು. ಹತ್ತಿರ ಬಂದು, ದನಿ ಇಳಿಸಿ ಕೇಳಿದರು.

"ಯಾಕಜ್ಜಿ ಹಾಗೆ ನೋಡ್ತೀರಾ? ನಿಮ್ಮ ಮೊಮ್ಮಗಳಾ ಇವಳು?"

ಷಡಕ್ಷರಪ್ಪ ಕಣ್ಣು ಮುಚ್ಚಿಕೊಂಡ. ದೇವೀರಮ್ಮ ಹುಡುಗಿಯನ್ನು ಕಾಲಿನಿಂದ ತಲೆಯವರೆಗೆ ಇನ್ನೊಂದು ಸಲ ನಿಧಾನವಾಗಿ ನೋಡಿದರು.

"ಅಲ್ಲ ಕಣವ್ವ" ಅಂದರು. "ನಮ್ಮ ಮಗು ಇಷ್ಟು ಸೊರಗಿರನಿಲ್ಲ."

ಆಂಟಿ ಗೇಟು ಹಾಕಿಕೊಂಡರು.